ದೊಡ್ಡ ಟೈರಿನ ಗಾಳಿ: ಒಂದು ಪ್ರಮಾಣ ಮೀಮಾಂಸೆ

ಎಸ್‌ಯುವಿಗೆ ಕಂಪನಿ ಕೊಟ್ಟ ಟೈರು ಕಳಚಿ ದೊಡ್ಡವನ್ನು ತೊಡಿಸಿದ ಮೇಲೆ ಎಷ್ಟು ಗಾಳಿ ಹಿಡಿಸಬೇಕು ಎಂಬುದು ಈ ಶಾಸ್ತ್ರದ ವಿಷಯ. ಲಕ್ಷ್ಯವಾಗಿ ಮಹೀಂದ್ರ ಥಾರ್ ಅನ್ನು ತೆಗೆದುಕೊಳ್ಳಬಹುದು. 245/75 ಆರ್16 ಟೈರಿನ ಜಾಗಕ್ಕೆ 265/75 ಆರ್16 ಬಂದರೆ ವ್ಯಾಸ 774 ಮಿ.ಮೀ.ನಿಂದ 804ಕ್ಕೆ ಏರುತ್ತದೆ. ಮೀಟರು 80 ತೋರಿಸುವಾಗಿನ ನಿಜವೇಗ ಹಿಂದಿಗಿಂತ ಸುಮಾರು 3 ಕಿ.ಮೀ. ಹೆಚ್ಚು. ಚಾಲಕನ ಆಸನ ಒಂದೂವರೆ ಸೆಂಟಿಮೀಟರ್ ಮೇಲೇರುತ್ತದೆ. ಅವನ ಆತ್ಮವಿಶ್ವಾಸ ಎಷ್ಟು ಏರುತ್ತದೆಂಬುದು ಈ ಪ್ರಬಂಧದ ವ್ಯಾಪ್ತಿಗೆ ಹೊರಗು. ಟೈರಿನ ಕಾರ್ಯಕ್ಷೇತ್ರ ಸಕಲೇಶಪುರದ ಕೆಸರು ಎಂದು ಮಾಲೀಕರೂ, ಸಿಲ್ಕ್ ಬೋರ್ಡ್ ಸಿಗ್ನಲ್ ಎಂದು ಅವರ ಮನೆಯವರೂ ವಾದಿಸುತ್ತಾರೆ.

ಯಥಾರ್ಥಜ್ಞಾನಕ್ಕೆ ನೈಯಾಯಿಕರು ಒಪ್ಪುವ ಪ್ರಮಾಣಗಳು ನಾಲ್ಕು. ಮೊದಲನೆಯದು ಪ್ರತ್ಯಕ್ಷ: ಟೈರನ್ನು ಬೂಟುಗಾಲಿನಿಂದ ಒದ್ದು 'ಗಾಳಿ ಇದೆ' ಎಂದು ತೀರ್ಮಾನಿಸುವುದು. ಪ್ರತ್ಯಕ್ಷವನ್ನು ಬಿಟ್ಟು ಬೇರೇನನ್ನೂ ನಂಬದ ಚಾರ್ವಾಕರು ಈ ಕಾರಣಕ್ಕೇ ರಸ್ತೆಬದಿಯಲ್ಲಿ ಹೆಚ್ಚು ಕಾಣಸಿಗುತ್ತಾರೆ. ರೇಡಿಯಲ್ ಟೈರು ತುಂಬಿದ್ದಾಗಲೂ ಕೆಳಗೆ ತುಸು ಉಬ್ಬಿರುತ್ತದೆ. ದಪ್ಪ ಗೋಡೆಯ ಟೈರು ಅರೆಹೊಟ್ಟೆಯಲ್ಲೂ ಉಂಡಂತೆ ನಿಲ್ಲುತ್ತದೆ.

ಉಪಮಾನವೆಂದರೆ ಪಕ್ಕದ ಮನೆಯ ಸ್ವಿಫ್ಟಿಗೆ ಹಾಕಿಸಿದಷ್ಟನ್ನೇ ಇದಕ್ಕೂ ಹಾಕಿಸುವುದು. ಪೆಟ್ರೋಲ್ ಬಂಕಿನಲ್ಲಿ ಇದು ಇನ್ನೊಂದು ರೂಪ ತಾಳುತ್ತದೆ. 'ಎಷ್ಟು ಹಾಕ್ಲಿ ಸಾರ್?' ಎಂದು ಹುಡುಗನೂ, 'ನೀನೇ ನೋಡಿ ಹಾಕಪ್ಪ' ಎಂದು ಮಾಲೀಕನೂ ಹೇಳುವ ಈ ಸ್ಥಿತಿಗೆ ತರ್ಕಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯ ದೋಷವೆಂದು ಹೆಸರು.

ಶಬ್ದಪ್ರಮಾಣದಲ್ಲಿ ವಿವಾದ ಹೆಚ್ಚು. ಗ್ರಂಥಗಳು ಎರಡು: ಚಾಲಕನ ಬಾಗಿಲ ಕಂಬಕ್ಕೆ ಅಂಟಿಸಿದ ಚೀಟಿ, ಟೈರಿನ ಗೋಡೆಯ ಉಬ್ಬಕ್ಷರ. ಗೋಡೆಯಲ್ಲಿ 'ಗರಿಷ್ಠ' ಎಂದಿರುವ ಅಂಕಿ ನಿಷೇಧವಾಕ್ಯವೇ ಹೊರತು ವಿಧಿವಾಕ್ಯವಲ್ಲ. 80 ಪಿಎಸ್‌ಐ ಎಂದಿರುವ ಲೈಟ್ ಟ್ರಕ್ ಟೈರಿಗೆ ಅಷ್ಟನ್ನೂ ತುಂಬಿಸಿದ ಭಕ್ತರು ಪ್ರತಿ ಹಂಪಿನಲ್ಲೂ ಚಾವಣಿಗೆ ತಲೆಬಾಗುತ್ತಾರೆ. ಚೀಟಿ ಹಳೆಯ ಟೈರಿಗಾಗಿ ರಚಿತವಾದ ಗ್ರಂಥ. ಆದರೂ ಗಾಡಿಯ ತೂಕ ಬದಲಾಗಿಲ್ಲವಾದ್ದರಿಂದ ಅದನ್ನು ತಳ್ಳಿಹಾಕುವಂತಿಲ್ಲ. ಭಾಷ್ಯ ಬೇಕು. ಲೋಡ್ ಇಂಡೆಕ್ಸ್ 111 ಎಂದರೆ 1090 ಕೆ.ಜಿ., 116 ಎಂದರೆ 1250 ಕೆ.ಜಿ. ಎರಡೂ ಸಾಮಾನ್ಯ ವರ್ಗದ ಟೈರುಗಳೇ ಆದರೆ, ಹೆಚ್ಚು ಗಾಳಿ ಹಿಡಿಯುವ ದೊಡ್ಡ ಟೈರು ಅದೇ ಭಾರವನ್ನು ಮೂರು ನಾಲ್ಕು ಪಿಎಸ್‌ಐ ಕಡಿಮೆಯಲ್ಲೇ ಹೊರುತ್ತದೆ. ಹೊಸದು ಲೈಟ್ ಟ್ರಕ್ ವರ್ಗದ್ದಾದರೆ ಸೂತ್ರ ತಲೆಕೆಳಗು: ಅದೇ ಭಾರಕ್ಕೆ ಚೀಟಿಗಿಂತ ಹೆಚ್ಚೇ ಬೇಕಾಗಬಹುದು. ಟೈರು ಕಂಪನಿಯ ಭಾರ-ಒತ್ತಡ ಕೋಷ್ಟಕ ಇಲ್ಲಿ ಅಂತಿಮ ಪಾಠ. ಅದನ್ನು ಓದಿದವರು ವಿರಳ, ಉದ್ಧರಿಸುವವರು ಅಸಂಖ್ಯ.

ಅನುಮಾನಕ್ಕೆ ಬೇಕಾದ ಉಪಕರಣ ಒಂದು ಸೀಮೆಸುಣ್ಣ. ಟೈರಿನ ಅಗಲಕ್ಕೆ ದಪ್ಪಗೆರೆ ಎಳೆದು ಸಮತಟ್ಟು ರಸ್ತೆಯಲ್ಲಿ ತುಸು ದೂರ ನೇರವಾಗಿ ಓಡಿಸಬೇಕು. ನಡುವೆ ಮಾತ್ರ ಅಳಿಸಿದರೆ ಗಾಳಿ ಹೆಚ್ಚು, ಅಂಚಿನಲ್ಲಿ ಮಾತ್ರ ಅಳಿಸಿದರೆ ಕಡಿಮೆ, ಉದ್ದಕ್ಕೂ ಸಮನಾಗಿ ಅಳಿಸಿದರೆ ಸಿದ್ಧಿ. ಆದರೂ ಕೋಷ್ಟಕ ಹೇಳುವ ಕನಿಷ್ಠಕ್ಕಿಂತ ಕೆಳಗಿಳಿಯಲು ಗೆರೆಯ ಅನುಮತಿ ಸಾಲದು. ಹೊಗೆಯಿಂದ ಬೆಂಕಿಯನ್ನು ಊಹಿಸುವ ಪ್ರಸಿದ್ಧ ದೃಷ್ಟಾಂತ ಗಾಳಿ ಕಡಿಮೆಯಾಗಿ ಕಾದ ಟೈರಿಗೂ ಸಲ್ಲುತ್ತದೆ. ಆ ಹಂತದಲ್ಲಿ ಅನುಮಾನಕ್ಕಿಂತ ನೀರು ಉಪಯುಕ್ತ.

ಅಳೆಯುವ ಮುಹೂರ್ತ ಬ್ರಾಹ್ಮೀ. ಗಾಡಿ ಮೂರು ಗಂಟೆಯಾದರೂ ನಿಂತು ತಣ್ಣಗಿರಬೇಕು; ಉಷ್ಣತೆ 5-6 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಮಡಿಕೇರಿಯ ಮುಂಜಾನೆಯ ಅಂಕಿಯನ್ನು ರಾಯಚೂರಿನ ಮಧ್ಯಾಹ್ನ ಖಂಡಿಸುವುದು ಹೀಗೆ. ಕೆಸರಿಗಿಳಿಯುವಾಗ 18ರ ಆಸುಪಾಸಿಗೆ ಇಳಿಸುವವರುಂಟು. ಇನ್ನೂ ಇಳಿಸಿದರೆ ಟೈರು ರಿಮ್ಮಿನೊಡನೆ ವಿಚ್ಛೇದನ ಕೋರಬಹುದು. ಡಾಂಬರಿಗೆ ಮರಳಿದೊಡನೆ ಮತ್ತೆ ತುಂಬಿಸಲೇಬೇಕು. ನೈಟ್ರೋಜನ್ ಪಂಥದ ಬಗ್ಗೆ ಇಷ್ಟು ಸಾಕು: ಮಾಮೂಲು ಗಾಳಿಯಲ್ಲೇ ಅದು ಶೇ. 78ರಷ್ಟಿದೆ, ಉಳಿದ ಹಣ ಹಸಿರು ಮುಚ್ಚಳಕ್ಕೆ.

ಹಿಂಬಾಗಿಲಿಗೆ ನೇತುಹಾಕಿದ ಸ್ಟೆಪ್ನಿಗೆ ಈ ನಾಲ್ಕು ಪ್ರಮಾಣಗಳನ್ನೂ ಯಾರೂ ಅನ್ವಯಿಸಿದ್ದಿಲ್ಲ. ಅದು ಹಳೆಯ ಅಳತೆಯದೇ ಆಗಿ ಉಳಿದಿದ್ದರೆ ಫೋರ್ ವೀಲ್ ಡ್ರೈವ್ ಹಾಕಿದಾಗ ಗೇರುಗಳಿಗೆ ಕಷ್ಟ. ಟೈರು ತಿಂಗಳಿಗೆ ಸುಮಾರು 1 ಪಿಎಸ್‌ಐ ಕಳೆದುಕೊಳ್ಳುವುದರಿಂದ ಅದಕ್ಕೆ ತುಸು ಹೆಚ್ಚೇ ಹಿಡಿಸಿಡಬೇಕು. ಹಿಡಿಸದವರಿಗೆ ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಮಾನ್ಯ ಮಾಡಿರುವ ಆರನೆಯ ಪ್ರಮಾಣವಾದ ಅನುಪಲಬ್ಧಿ, ಅಂದರೆ ವಸ್ತುವಿನ ಅಭಾವದ ನೇರ ಜ್ಞಾನ, ಶಿರಾಡಿ ಘಾಟಿಯಲ್ಲಿ ಪಂಚರ್ ಆದ ರಾತ್ರಿ ಲಭಿಸುತ್ತದೆ.