ಕಂಸನ ಪರ ವಕಾಲತ್ತು

ಹೆತ್ತ ತಂದೆಯನ್ನು ಸೆರೆಗೆ ತಳ್ಳಿದವನು, ತಂಗಿಯ ಹಸುಗೂಸುಗಳನ್ನು ಒಂದರ ಹಿಂದೊಂದರಂತೆ ಕೊಂದವನು, ಸೋದರಮಾವ ಎಂಬ ಅಕ್ಕರೆಯ ಮಾತಿಗೇ ಕೆಟ್ಟ ಹೆಸರು ತಂದವನು. ಇಂಥ ಕಕ್ಷಿದಾರನ ಪರವಾಗಿ ಎದ್ದು ನಿಲ್ಲುವುದು ಮರ್ಯಾದಸ್ಥರು ಮಾಡುವ ಕೆಲಸವಲ್ಲ ಎಂಬುದು ನನಗೂ ಗೊತ್ತು. ಪುರಾಣಗಳು ಅವನ ಮೇಲೆ ತೀರ್ಪು ಕೊಟ್ಟು ಎಷ್ಟೋ ಶತಮಾನಗಳಾದವು. ಮೇಲ್ಮನವಿಗೆ ಜಾಗವನ್ನೂ ಬಿಟ್ಟಿಲ್ಲ. ಆದರೂ ಹೇಳುತ್ತೇನೆ, ಕೊಂಚ ನಾಚಿಕೊಂಡೇ ಹೇಳುತ್ತೇನೆ: ಒಂದು ಊರು ನೆಟ್ಟಗಿರಬೇಕಾದರೆ ವರ್ಷದಲ್ಲಿ ಹನ್ನೊಂದು ದಿನವಾದರೂ ಅದನ್ನು ಕಂಸ ಆಳಬೇಕು. ಷರತ್ತು ಒಂದೇ, ಅವನು ಸಾಯುವ ತಿಥಿ ಪಂಚಾಂಗದಲ್ಲಿ ಮುಂಚೆಯೇ ಅಚ್ಚಾಗಿರಬೇಕು. ಈ ಹುಚ್ಚು ನನ್ನ ತಲೆಯಲ್ಲಿ ಹುಟ್ಟಿದ್ದೆಂದು ಯಾರೂ ಅನುಮಾನಪಡಬಾರದು. ಪಶ್ಚಿಮ ಒಡಿಶಾದ ಬರಗಢ ಎಂಬ ಊರು ಮುಕ್ಕಾಲು ಶತಮಾನದಿಂದ ಇದನ್ನು ನಡೆಸಿಕೊಂಡು ಬಂದಿದೆ. ಅದಕ್ಕೆ ತರ್ಕದ ಅಂಗಿ ತೊಡಿಸಿ ಗುಂಡಿ ಹಾಕುವ ಕೆಲಸವಷ್ಟೇ ನನ್ನದು.

ಬರಗಢವೇನು ದೊಡ್ಡ ಊರಲ್ಲ. 2011ರ ಜನಗಣತಿಯಲ್ಲಿ ಜನಸಂಖ್ಯೆ 80 ಸಾವಿರದ ಆಸುಪಾಸು. ಹಿರಾಕುಡ್ ಅಣೆಕಟ್ಟಿನ ಕಾಲುವೆ ನೀರಿನಲ್ಲಿ ಭತ್ತ ಬೆಳೆವ ಸೀಮೆ ಅದು. ಸಂಬಲ್ಪುರಿ ಸೀರೆ ನೇಯುವ ಬರಪಾಲಿ ಅಲ್ಲಿಂದ ದೂರವಿಲ್ಲ. ಪುಷ್ಯಮಾಸದ ಚಳಿಗೆ ಈ ಊರು ಇದ್ದಕ್ಕಿದ್ದಂತೆ ಮಥುರೆಯಾಗಿಬಿಡುತ್ತದೆ. ಪಕ್ಕದ ಜೀರಾ ಹೊಳೆ ಯಮುನೆ, ಹೊಳೆಯಾಚೆಯ ಅಂಬಾಪಾಲಿ ಗೋಪಪುರ. ಹಬ್ಬದ ಹೆಸರು ಧನು ಯಾತ್ರೆ. ಬಿಲ್ಲಹಬ್ಬದ ನೆಪದಲ್ಲಿ ಸೋದರಳಿಯನನ್ನು ಕರೆಸಿ ಮುಗಿಸಿಬಿಡೋಣವೆಂದು ಕಂಸ ಹೂಡಿದ ಹಂಚಿಕೆಯಿಂದ ಬಂದ ಹೆಸರು. ದೇವಕಿಯ ಮದುವೆ, ಸೆರೆವಾಸ, ಕೃಷ್ಣನ ಹುಟ್ಟು, ಪೂತನಿ, ಕಾಳಿಂಗ, ಅಕ್ರೂರ, ಕುವಲಯಾಪೀಡ, ಚಾಣೂರ-ಮುಷ್ಟಿಕರ ಕಾಳಗ, ಕೊನೆಗೆ ಕಂಸವಧೆ, ಎಲ್ಲಕ್ಕೂ ಸೇರಿ 11 ದಿನ. ಕೃಷ್ಣ ವ್ರಜದಲ್ಲಿ ಹನ್ನೊಂದು ವರ್ಷ ಅಡಗಿ ಬೆಳೆದನೆಂದು ಭಾಗವತ ಹೇಳುತ್ತದೆ; ಬರಗಢದವರು ವರ್ಷಕ್ಕೊಂದು ದಿನದ ಲೆಕ್ಕ ಹಿಡಿದಂತಿದೆ. ಶ್ರಾವಣದ ಜಡಿಮಳೆಯಲ್ಲಿ ಹುಟ್ಟಬೇಕಾದ ಮಗು ಇಲ್ಲಿ ಕಂಬಳಿ ಹೊದ್ದ ಜನರ ನಡುವೆ ಹುಟ್ಟುತ್ತದೆ, ಯಾರೂ ಹುಬ್ಬೇರಿಸುವುದಿಲ್ಲ. ಈ ಹಬ್ಬದ ಬಗ್ಗೆ ಬರೆಯುವವರೆಲ್ಲ ‘ಜಗತ್ತಿನಲ್ಲೇ ಅತಿ ದೊಡ್ಡ ಬಯಲು ರಂಗಮಂದಿರ’ ಎಂದು ಶುರುಮಾಡಿ, ಸುತ್ತಳತೆ ಎಷ್ಟು ಕಿಲೋಮೀಟರ್ ಎಂದು ಟೇಪು ಹಿಡಿದು ನಿಲ್ಲುತ್ತಾರೆ. ಹಬ್ಬ ನೋಡಲು ಹೋದವರಿಗೆ ಸರ್ವೇಯರ್ ಕೆಲಸ ಯಾರು ಕೊಟ್ಟರೋ! ಅಗಲ ಉದ್ದ ಎಷ್ಟಾದರೂ ಇರಲಿ, ವಿಶೇಷವಿರುವುದು ಇಲ್ಲಿ ಪ್ರೇಕ್ಷಕನೇ ಇಲ್ಲ ಎಂಬುದರಲ್ಲಿ. ಬದನೆಕಾಯಿ ಕೊಳ್ಳಲು ಪೇಟೆಗೆ ಬಂದವನೂ ಆ ಹನ್ನೊಂದು ದಿನ ಮಥುರೆಯ ಪ್ರಜೆ, ಬಣ್ಣ ಹಚ್ಚದ ಪಾತ್ರಧಾರಿ.

ನನ್ನ ಮೊದಲ ಪುರಾವೆ ಇದು ಶುರುವಾದ ಕಾಲ. 1947-48ರ ಚಳಿಗಾಲ ಎನ್ನುತ್ತಾರೆ. ಬ್ರಿಟಿಷರು ಹೊರಟು ನಾಲ್ಕಾರು ತಿಂಗಳಾಗಿತ್ತು. 1947ರ ಡಿಸೆಂಬರಿನಲ್ಲಿ ಸರ್ದಾರ್ ಪಟೇಲರು ಕಟಕಕ್ಕೆ ಬಂದು ಒಡಿಶಾದ ಗಡಜಾತ್ ಸಂಸ್ಥಾನಗಳ ರಾಜರನ್ನು ಕೂರಿಸಿಕೊಂಡು ವಿಲೀನದ ಕಾಗದಕ್ಕೆ ಸಹಿ ಹಾಕಿಸಿದರು; 1948ರ ಜನವರಿ 1ಕ್ಕೆ ಆ ಸಂಸ್ಥಾನಗಳ ಆಡಳಿತ ಕೈಬದಲಾಯಿತು. ಬರಗಢ ಇದ್ದದ್ದು ಬ್ರಿಟಿಷರೇ ಆಳುತ್ತಿದ್ದ ಸಂಬಲ್ಪುರ ಜಿಲ್ಲೆಯಲ್ಲಾದರೂ ಸುತ್ತಮುತ್ತ ರಾಜರೇ ರಾಜರು. ನಿಜವಾದ ಕಿರೀಟಗಳೆಲ್ಲ ಪೆಟ್ಟಿಗೆ ಸೇರುತ್ತಿದ್ದ ಹೊತ್ತಿನಲ್ಲಿ ಈ ಊರಿನವರು ಒಂದು ನಾಟಕದ ಕಿರೀಟ ಹೊರತೆಗೆದು, ರಾಜರಲ್ಲೆಲ್ಲ ಕೆಟ್ಟವನನ್ನು ಹುಡುಕಿ ಅವನ ತಲೆಗಿಟ್ಟರು. ಕಂಸನ ಸಾವು ಬ್ರಿಟಿಷರ ಪತನದ ಸಂಕೇತ ಎಂದು ವಿವರಿಸುವವರಿದ್ದಾರೆ. ಬ್ರಿಟಿಷರಾಗಿದ್ದರೆ ಒಂದು ಸಲ ಕೊಂದರೆ ಸಾಕಿತ್ತಲ್ಲ? ವರ್ಷ ವರ್ಷ ಕರೆಸಿ, ಮೀಸೆ ತಿದ್ದಿ, ಆನೆ ಹತ್ತಿಸಿ ಮತ್ತೆ ಕೊಲ್ಲುವ ಉಪಚಾರ ಯಾತಕ್ಕೆ? ನನಗೆ ಕಾಣುವಂತೆ ಇವರಿಗೆ ರುಚಿ ಹತ್ತಿದ್ದು ಗಡುವುಳ್ಳ ಅಧಿಕಾರದ್ದು. ದೇಶದ ಮೊದಲ ಸಾರ್ವತ್ರಿಕ ಚುನಾವಣೆ ನಡೆದದ್ದು 1951-52ರಲ್ಲಿ. ಬರಗಢದವರು ಅಷ್ಟರೊಳಗೇ ದೊರೆಯನ್ನು ಏರಿಸಿ ಇಳಿಸುವುದರಲ್ಲಿ ಕೈ ಪಳಗಿಸಿಕೊಂಡಿದ್ದರು. ಇಳಿಸುವ ದಿನವನ್ನಾದರೂ ನೋಡಿ: ಪುಷ್ಯದ ಹುಣ್ಣಿಮೆ. ಆ ಸೀಮೆಯಲ್ಲಿ ಅದು ಪುಷ್‌ಪುನಿ, ಸುಗ್ಗಿ ಮುಗಿದು ಹೊಲದಾಳುಗಳ ವರ್ಷದ ಕರಾರು ತೀರುವ ದಿನ. ಆಳಿನದೂ ಆಳುವವನದೂ ಕರಾರು ಒಂದೇ ಹುಣ್ಣಿಮೆಗೆ ಮುಗಿಯುವ ಊರು ಇನ್ನೆಲ್ಲಿದೆ?

ಎರಡನೆಯ ಪುರಾವೆ ದಂಡ. ಕಂಸ ಮಹಾರಾಜ ಆನೆಯೇರಿ ನಗರ ಸಂಚಾರಕ್ಕೆ ಹೊರಡುತ್ತಾನೆ. ರಸ್ತೆ, ಚರಂಡಿ, ಅಂಗಡಿ, ಎಲ್ಲವನ್ನೂ ವಿಚಾರಿಸುತ್ತಾನೆ. ತಪ್ಪು ಕಂಡಲ್ಲಿ ದಂಡ ಹಾಕುತ್ತಾನೆ. ವ್ಯಾಪಾರಿ, ಅಧಿಕಾರಿ, ಮಂತ್ರಿ, ಯಾರಿಗೂ ರಿಯಾಯಿತಿ ಇಲ್ಲ. ಈ ಗಳಿಗೆಯನ್ನು ತುಸು ನಿಧಾನವಾಗಿ ಕಲ್ಪಿಸಿಕೊಳ್ಳಬೇಕು. ಹಿರಿಯ ಅಧಿಕಾರಿಯೊಬ್ಬರು ನೆಲದ ಮೇಲೆ, ಕಂಸ ಮೇಲೆ, ನಡುವೆ ಒಂದು ಆನೆಯಷ್ಟು ಅಂತರ. ವರ್ಷವಿಡೀ ಕೆಳಗೆ ನೋಡಿಯೇ ಅಭ್ಯಾಸವಾದ ಕತ್ತು ಈಗ ಮೇಲಕ್ಕೆ ತಿರುಗಬೇಕು. ತಿರುಗುವಾಗ ಲಟಕ್ಕೆಂದರೂ ಆಶ್ಚರ್ಯವಿಲ್ಲ. ಅಧಿಕಾರಿ ಮೊದಲು ಒಂದು ನಗು ನಗುತ್ತಾರೆ, ‘ಇದೆಲ್ಲ ತಮಾಷೆ, ನನಗೂ ಗೊತ್ತು’ ಎಂಬ ನಗು. ಮೇಲಿನವನು ನಗುವುದಿಲ್ಲ. ಅಧಿಕಾರಿ ಕೈಕೆಳಗಿನವರತ್ತ ತಿರುಗುತ್ತಾರೆ. ಅವರು ಆನೆಯ ಕಾಲುಗುರುಗಳನ್ನು ಬಹಳ ಆಸ್ಥೆಯಿಂದ ಎಣಿಸುತ್ತಿರುತ್ತಾರೆ. “ಚರಂಡಿ ಯಾಕೆ ಕಟ್ಟಿಕೊಂಡಿದೆ?” ಎಂದು ಮೇಲಿನಿಂದ ಗುಡುಗು. ಕಚೇರಿಯಲ್ಲಾಗಿದ್ದರೆ ಕಡತ ಪರಿಶೀಲನೆಯಲ್ಲಿದೆ, ಅನುದಾನ ಬಂದಿಲ್ಲ, ಟೆಂಡರ್ ಕರೆದಿದ್ದೇವೆ ಎನ್ನಬಹುದಿತ್ತು. ದ್ವಾಪರಯುಗದಲ್ಲಿ ಟೆಂಡರ್ ಇಲ್ಲ. “ತಪ್ಪಾಯಿತು ಮಹಾರಾಜ” ಎನ್ನದೆ ಗತಿಯಿಲ್ಲ. ಅಂದದ್ದೂ ಆಯಿತು, ದಂಡವೂ ಬಿತ್ತು. ಈಗ ಅದನ್ನು ಯಾವ ಬಾಬಿಗೆ ಹಾಕುವುದು? ‘ಕಂಸನಿಗೆ ಕೊಟ್ಟದ್ದು’ ಎಂದು ಬರೆದರೆ ಆಡಿಟಿನವರು ರಸೀದಿ ಕೇಳುತ್ತಾರೆ. ರಸೀದಿಯ ಮೇಲೆ ಮಥುರೆಯ ಮೊಹರು ಕಂಡರೆ, ಮಥುರೆ ಉತ್ತರ ಪ್ರದೇಶದಲ್ಲಿದೆ, ಒಡಿಶಾ ಖಜಾನೆಯಿಂದ ಪಾವತಿ ಹೇಗಾಯಿತು ಎಂದು ಆಕ್ಷೇಪಣೆ ಬರೆಯುತ್ತಾರೆ. ಲಂಚ ಎನ್ನೋಣವೆಂದರೆ ಲಂಚವನ್ನು ಸಾವಿರ ಜನರೆದುರು ಕೊಡುವ ರೂಢಿಯಿಲ್ಲ. ದಾನ ಎನ್ನೋಣವೆಂದರೆ ದಾನ ತೆಗೆದುಕೊಂಡವನು ಗದರುವುದಿಲ್ಲ. ತೆರಿಗೆ ಎನ್ನೋಣವೆಂದರೆ ತೆರಿಗೆ ಕಟ್ಟಿದವನಿಗೆ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ. ಕೊನೆಗೆ ಕೈ ತನ್ನದೇ ಜೇಬಿಗೆ ಇಳಿಯಬೇಕು. ಆ ಕೈ ಜೇಬಿಗಿಳಿದು ಮೇಲೆ ಬರುವ ಎರಡು ಕ್ಷಣ ಇದೆಯಲ್ಲ, ನನ್ನ ಇಡೀ ವಾದ ಆ ಜೇಬಿನೊಳಗಿದೆ. ಆಗ ಊರೆಲ್ಲ ನಗುತ್ತದೆ, ಅಧಿಕಾರಿಯೂ ನಗುತ್ತಾರೆ. ನಕ್ಕು ಮುಗಿಯುವಷ್ಟರಲ್ಲಿ ಚರಂಡಿ ಯಾರ ಪಾಲಿನದು ಎಂಬುದು ಪೇಟೆಬೀದಿಗೆಲ್ಲ ತಿಳಿದುಹೋಗಿರುತ್ತದೆ. ಮುಖ್ಯಮಂತ್ರಿಯಾಗಿದ್ದ ಬಿಜು ಪಟ್ನಾಯಕ್ ಅವರೇ ಕಂಸನ ಕರೆಗೆ ಓಗೊಟ್ಟು ಬಂದು ದಂಡ ತೆತ್ತ ಕತೆಯನ್ನು ಊರಿನವರು ಇಂದಿಗೂ ಹೇಳಿಕೊಂಡು ಹಿಗ್ಗುತ್ತಾರೆ.

ಇನ್ನು ತಕರಾರುಗಳು. ಮೊದಲನೆಯದು ನೀತಿವಂತರದು: ಖಳನನ್ನು ಹೀಗೆ ಮೆರೆಸಿದರೆ ಮಕ್ಕಳು ಏನು ಕಲಿತಾವು? ನಮ್ಮ ಕರಾವಳಿಯಲ್ಲಿ ಯಕ್ಷಗಾನದ ರಾಕ್ಷಸವೇಷದ ಅಬ್ಬರ ನೋಡಿ ಬೆಳೆದ ಮಕ್ಕಳಲ್ಲಿ ಎಷ್ಟೋ ಮಂದಿ ಬ್ಯಾಂಕು ಸೇರಿದರು. ಒಬ್ಬರೂ ರಾಕ್ಷಸರಾದ ವರದಿಯಿಲ್ಲ. ಅದೂ ಅಲ್ಲದೆ ಬರಗಢದ ಸೀಮೆಯವರಿಗೆ ಪುರಾಣದವರೆಲ್ಲ ನೆಂಟರು. ಪಕ್ಕದ ಸಂಬಲ್ಪುರದಲ್ಲಿ ಶೀತಲ ಷಷ್ಠಿಯ ಹೊತ್ತಿಗೆ ಊರಿನ ದಂಪತಿಯೊಂದು ಪಾರ್ವತಿಯನ್ನು ಮಗಳಾಗಿ ದತ್ತು ತೆಗೆದುಕೊಂಡು ಶಿವನಿಗೆ ಧಾರೆಯೆರೆದು ಕೊಡುತ್ತದೆ. ಶಿವನೇ ಅಳಿಯನಾದ ಮೇಲೆ ಕಂಸ ಮಾವನಾಗುವುದರಲ್ಲಿ ಏನು ಸೋಜಿಗ? ನೆಂಟರಲ್ಲಿ ಒಬ್ಬ ಕೆಟ್ಟವನು ಇದ್ದೇ ಇರುತ್ತಾನೆ. ಹಬ್ಬಕ್ಕೆ ಅವನನ್ನೂ ಕರೆಯಬೇಕು, ಎಷ್ಟು ದಿನ ಇರಬೇಕೆಂದು ಮಾತ್ರ ಮೊದಲೇ ಹೇಳಿಬಿಡಬೇಕು.

ಎರಡನೆಯ ತಕರಾರು ಹೆಚ್ಚು ಚುರುಕಿನದು: ಊರನ್ನು ತಿದ್ದಲು ಕಂಸನೇ ಯಾಕೆ, ಕೃಷ್ಣನೇ ಆನೆಯೇರಿ ಬರಬಹುದಲ್ಲ? ಬರಬಾರದು. ದೇವರು ದಂಡ ಹಾಕಿದರೆ ಅದು ಕರ್ಮಫಲವಾಗುತ್ತದೆ. ಕೈಮುಗಿದು ಹುಂಡಿಗೆ ಹಾಕಿ ಬರುತ್ತೇವೆ, ಯಾಕೆ ಎತ್ತ ಎಂದು ಕೇಳುವುದಿಲ್ಲ. ಒಳ್ಳೆಯ ದೊರೆಯ ಕಷ್ಟ ಇದೇ, ಅವನೆದುರು ಎಲ್ಲರೂ ಭಕ್ತರಾಗುತ್ತಾರೆ. ಕಂಸನೆದುರು ಯಾರೂ ಭಕ್ತರಲ್ಲ. ಬಾಣಲೆಯಿಂದ ಆಗತಾನೆ ಎದ್ದ ಚಾಉಲ್ ಬರಾ ಎಂಬ ಅಕ್ಕಿವಡೆಯನ್ನು ಒಂದು ಕೈಯಲ್ಲಿ, ಹಸಿಮೆಣಸಿನಕಾಯಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಬಿಸಿಗೆ ಬಾಯಿ ಆಡಿಸುತ್ತ ದೊರೆಯ ಸವಾರಿ ನೋಡುವ ಪ್ರಜೆಯನ್ನು ಗಮನಿಸಬೇಕು. ಅವನ ಎರಡೂ ಕೈಗೆ ಕೆಲಸವಿದೆ, ಮುಗಿಯಲು ಕೈ ಖಾಲಿಯಿಲ್ಲ. ಬಾಯಿ ತುಂಬಿದೆ, ಜಯಕಾರ ಹೊರಡುವಂತಿಲ್ಲ. ಅಧಿಕಾರವನ್ನು ನೋಡುವ ಸರಿಯಾದ ಭಂಗಿ ಇದಕ್ಕಿಂತ ಬೇರೆ ಇದ್ದರೆ ಯಾರಾದರೂ ತೋರಿಸಲಿ.

ಅಧಿಕಾರ ವೇಷದವನ ತಲೆಗೇ ಏರಿದರೆ ಎಂದು ಕೇಳಬಹುದು. ಏರಬೇಕು, ಏರದಿದ್ದರೆ ಪಾತ್ರ ಕೆಟ್ಟಿತು. ಕಂಸನ ಪಾತ್ರಕ್ಕೆ ಆಯ್ಕೆ ನಡೆಯುವಾಗ ಮೈಕಟ್ಟು, ಕಂಠ, ಅಟ್ಟಹಾಸದ ಪರೀಕ್ಷೆಯಾಗುತ್ತದೆ. ನಗಲು ಬರುವುದೇ ಅರ್ಹತೆಯಾದ ಸಿಂಹಾಸನ ಜಗತ್ತಿನಲ್ಲಿ ಇದೊಂದೇ ಇದ್ದೀತು. ಇನ್ನು ಕೇಂದ್ರ ಸಂಸ್ಕೃತಿ ಸಚಿವಾಲಯ 2014ರಲ್ಲಿ ಇದಕ್ಕೆ ರಾಷ್ಟ್ರೀಯ ಹಬ್ಬದ ಮಾನ್ಯತೆ ಕೊಟ್ಟಿತಲ್ಲ, ಸರ್ಕಾರದ ಕಾಸು ತಿಂದ ಕಂಸ ಸರ್ಕಾರವನ್ನು ಗದರಿಯಾನೆಯೇ ಎಂಬ ಶಂಕೆಯುಂಟು. ಈ ಶಂಕೆಗೆ ನಾನು ಅರ್ಧ ತಲೆಬಾಗುತ್ತೇನೆ. ಮಾನ್ಯತೆ ಪಡೆದ ದಬ್ಬಾಳಿಕೆ ತುಸು ಸಪ್ಪೆಯಾಗುವ ಅಪಾಯ ಇದ್ದೇ ಇದೆ. ಆದರೆ ಮಾವನ ಹಬ್ಬಕ್ಕೆ ಕರೆಸಿಕೊಂಡು ಬಂದು ಮಾವನನ್ನೇ ಕೊಂದ ಕತೆಯನ್ನು ಆಡುವವರಿಗೆ ಉಪ್ಪಿನ ಋಣದ ಪಾಠ ಹೇಳಲು ಹೋಗುವುದು ದಂಡ.

ಕಡೆಯ ತಕರಾರಿಗೆ ಮಾತ್ರ ನನ್ನ ಬಳಿ ಸುಲಭದ ಉತ್ತರವಿಲ್ಲ. ದಂಡ ಕಟ್ಟಿದ ಅಧಿಕಾರಿ ಮನೆಗೆ ಹೋಗುತ್ತಾರೆ, ಚರಂಡಿ ಇದ್ದಲ್ಲೇ ಇರುತ್ತದೆ. ಹಾಗಾದರೆ ಬಂದ ಭಾಗ್ಯವೇನು? ಚರಂಡಿಯ ವಿಷಯ ಬಿಡಿ, ನನ್ನನ್ನು ಕಾಡುವುದು ಪ್ರಶ್ನೆಯ ವಿಷಯ. ಅದೇ ದೂರನ್ನು ಬಿಳಿ ಹಾಳೆಯಲ್ಲಿ ಬರೆದು ಕಿಟಕಿಯೊಳಗೆ ಚಾಚುವ ಮುದುಕಿಗೆ “ನಾಳೆ ಬಾ” ಎನ್ನುತ್ತಾರೆ. ಅವಳು ಕೇಳಿದ್ದೂ ಕಂಸ ಕೇಳಿದ್ದೂ ಒಂದೇ ಮಾತು. ಆದರೆ ಅವಳ ಕೆಳಗೆ ಆನೆಯಿಲ್ಲ, ಮೂಗಿನ ಕೆಳಗೆ ಅಂಟಿಸಿದ ಮೀಸೆಯಿಲ್ಲ. ಪ್ರಜೆಯ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಒಬ್ಬ ಕೊಲೆಗಡುಕ ದೊರೆಯ ಗಂಟಲು ಎರವಲು ತರಬೇಕಾದ ಸ್ಥಿತಿ ನಗುವಂಥದ್ದಲ್ಲ. ಹೀಗಿದ್ದೂ ಆ ಪ್ರಶ್ನೆ ವರ್ಷಕ್ಕೊಮ್ಮೆ ನಡುಬೀದಿಯಲ್ಲಿ ಗಟ್ಟಿಯಾಗಿ ಕೇಳಿಸುತ್ತದೆ. ಒಮ್ಮೆಯೂ ಕೇಳಿಸದ ಊರುಗಳ ನಡುವೆ ಇದು ದೊಡ್ಡ ಮಾತು. ಸಾಲುವ ಮಾತು ಎಂದು ನಾನು ಹೇಳಲಾರೆ.

ಹುಣ್ಣಿಮೆಯ ದಿನ ನನ್ನ ಕಕ್ಷಿದಾರ ಸಾಯುತ್ತಾನೆ, ಅವನ ಪ್ರತಿಕೃತಿ ಸುಡುತ್ತಾರೆ, ಸೆರೆಯಿಂದ ಬಂದ ಉಗ್ರಸೇನನಿಗೆ ಪಟ್ಟ. ಈ ಉಗ್ರಸೇನ ಪಾಪ, ಹೆಸರಿನಲ್ಲಷ್ಟೇ ಉಗ್ರ. ಒಳ್ಳೆಯವನು, ವಯಸ್ಸಾದವನು, ಹಕ್ಕುದಾರ. ಉಳಿದ ದಿನಗಳೆಲ್ಲ ಅವನದೇ ರಾಜ್ಯಭಾರ. ಆದರೆ ಉಗ್ರಸೇನನನ್ನು ನೋಡಲೆಂದು ಯಾರೂ ರೈಲು ಹತ್ತಿ ಬರಗಢಕ್ಕೆ ಹೋಗುವುದಿಲ್ಲ. ಅವನು ಅಟ್ಟಹಾಸ ಮಾಡುವುದಿಲ್ಲ, ಯಾರ ಜೇಬಿಗೂ ಕೈ ಇಳಿಸುವುದಿಲ್ಲ, ಚರಂಡಿ ಯಾಕೆ ಕಟ್ಟಿಕೊಂಡಿದೆ ಎಂದು ಕೇಳುವುದೂ ಇಲ್ಲ. ಮರುದಿನದಿಂದಲೇ ಕಡತ ಪರಿಶೀಲನೆಗೆ ಹೋಗುತ್ತದೆ, ಅನುದಾನ ಬರುವುದಿಲ್ಲ, ಟೆಂಡರ್ ಕರೆಯುತ್ತಾರೆ. ಕಂಸನ ಮೇಲೆ ಇರುವ ಆರೋಪಗಳೆಲ್ಲ ನಿಜ, ಒಂದನ್ನೂ ನಾನು ಅಲ್ಲಗಳೆಯಲಿಲ್ಲ. ಉಗ್ರಸೇನನ ಮೇಲೆ ಯಾರೂ ಆರೋಪವನ್ನೇ ಹೊರಿಸಿಲ್ಲವಲ್ಲ, ನನ್ನ ವಕಾಲತ್ತು ಶುರುವಾದದ್ದೇ ಅಲ್ಲಿಂದ.