ಆಸ್ಪತ್ರೆ ಗೇಟಿನ ಬ್ರೋಕರ್ ಅಣ್ಣನವರಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯ ಬ್ರೋಕರ್ ಅಣ್ಣನವರೇ,

ಹೆಸರು ಹಾಕಿ ಬರೆಯೋಣವೆಂದರೆ ನಿಮಗೆ ಬೋರ್ಡಿಲ್ಲ, ಆಫೀಸಿಲ್ಲ, ವಿಸಿಟಿಂಗ್ ಕಾರ್ಡಿನಲ್ಲಿ ಬರೀ ಮೊಬೈಲ್ ನಂಬರು. ಆದರೂ ಮೂಡಿಗೆರೆ, ಕಳಸ, ಚಿಕ್ಕಮಗಳೂರು ಎಲ್ಲೇ ಆಗಲಿ, ಆಸ್ಪತ್ರೆ ಗೇಟಿನ ಮುಂದೆ ನಿಂತು ಗಟ್ಟಿಯಾಗಿ ಓದಿದರೆ ಈ ಪತ್ರ ನಿಮಗೆ ತಲುಪುತ್ತದೆಂಬ ಭರವಸೆ ನನಗಿದೆ.

ಮೊದಲು ನಿಮ್ಮ ಚುರುಕುತನಕ್ಕೆ ಶರಣು. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಒಂದು ಜೀಪು ಮಗುಚಿತು ಅನ್ನಿ. ಪೊಲೀಸರ ಮಹಜರು ಮುಗಿದಿರುವುದಿಲ್ಲ, ನೆಂಟರು ಇನ್ನೂ ಕೊಟ್ಟಿಗೆಹಾರದಲ್ಲಿ ಬಸ್ಸು ಕಾಯುತ್ತಿರುತ್ತಾರೆ, ಅಷ್ಟರಲ್ಲಿ ನೀವು ಮಂಗಳೂರಿನ ವಾರ್ಡಿನಲ್ಲಿ ಮಂಚದ ಪಕ್ಕ ಹಾಜರು. ಒಂದು ಕೈಯಲ್ಲಿ ಮೂಸಂಬಿ, ಇನ್ನೊಂದರಲ್ಲಿ ವಕಾಲತ್ತು ಫಾರಂ, ಜೇಬಿನಲ್ಲಿ ಇಂಕ್ ಪ್ಯಾಡು. ಬಲಗೈಗೆ ಪ್ಲಾಸ್ಟರ್ ಹಾಕಿದ್ದರೂ ಚಿಂತೆಯಿಲ್ಲ, ಹೆಬ್ಬೆಟ್ಟಿಗೆ ಎಡಗೈಯೇ ಶಾಸ್ತ್ರ ಎಂದು ನೀವೇ ಸಮಾಧಾನ ಹೇಳುತ್ತೀರಿ.

ನಿಮ್ಮ ಈ ಉದ್ಯೋಗಕ್ಕೆ ನೀವು ಕೃತಜ್ಞರಾಗಿರಬೇಕಾದದ್ದು ಭಾರತೀಯ ವಕೀಲರ ಪರಿಷತ್ತಿಗೆ. ಅದರ 36ನೇ ನಿಯಮದಂತೆ ವಕೀಲರು ಜಾಹೀರಾತು ಕೊಡುವಂತಿಲ್ಲ, ಕಕ್ಷಿದಾರರನ್ನು ಹುಡುಕಿಕೊಂಡು ಹೋಗುವಂತಿಲ್ಲ, ಹೆಸರಿನ ಫಲಕವೂ ಮಿತಿಯ ಗಾತ್ರದ್ದೇ ಇರಬೇಕು. ಅಮೆರಿಕದಲ್ಲಿ 1977ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟು ವಕೀಲರ ಜಾಹೀರಾತಿಗೆ ದಾರಿ ಬಿಟ್ಟುಕೊಟ್ಟಿತು. ಈಗ ಹೆದ್ದಾರಿ ಬದಿಯ ಫಲಕಗಳಲ್ಲಿ ಅವರು ಹಲ್ಲು ಬಿಟ್ಟು ನಿಂತಿರುತ್ತಾರೆ. ನಮ್ಮಲ್ಲಿ ಆ ಅಸಹ್ಯವಿಲ್ಲ. ಹಾಗಾದರೆ ಕಾಲು ಮುರಿದುಕೊಂಡ ತೋಟದ ಆಳು ವಕೀಲರನ್ನು ಹುಡುಕುವುದು ಹೇಗೆ? ತೋಟದ ರೈಟರನ್ನು ಕೇಳುತ್ತಾನೆ, ರೈಟರು ಮೇಸ್ತ್ರಿಯ ಕಡೆ ಕೈ ತೋರಿಸುತ್ತಾನೆ, ಮೇಸ್ತ್ರಿಯ ಫೋನಿನಲ್ಲಿ ನಿಮ್ಮ ನಂಬರಿರುತ್ತದೆ. ಅದೇ ನಿಯಮ ದಲ್ಲಾಳಿಗಳ ಮೂಲಕ ಕೇಸು ಹಿಡಿಯುವುದನ್ನೂ ನಿಷೇಧಿಸಿದೆ ಎನ್ನುವುದನ್ನು ನೀವು ಓದಿರಲಿಕ್ಕಿಲ್ಲ, ಬಿಡಿ.

ನಿಮ್ಮ ಎರಡನೇ ಗುಣ ದಾನಶೂರತನ. ‘ಈಗ ಒಂದು ರೂಪಾಯಿಯೂ ಬೇಡ ಮಾರಾಯ್ರೇ, ದುಡ್ಡು ಬಂದ ಮೇಲೆ ನೂರಕ್ಕಿಷ್ಟು ಕೊಟ್ಟರಾಯಿತು.’ ನಿಜ ಹೇಳಬೇಕೆಂದರೆ ಈ ಮಾತಿಗೆ ಮರುಳಾದವರನ್ನು ಬೈಯಲು ನನಗೆ ಬಾಯಿ ಬಾರದು. ವಾರದ ಬಟವಾಡೆ ನಿಂತ ಮನೆಯವರು ಮುಂಗಡ ಫೀಸು ತರುವುದೆಲ್ಲಿಂದ? ಆದರೆ ಬರುವ ಹಣದಲ್ಲಿ ಪಾಲು ಗೊತ್ತುಮಾಡಿಕೊಳ್ಳಬಾರದೆಂದು ಪರಿಷತ್ತಿನ 20ನೇ ನಿಯಮ ಹೇಳುತ್ತದೆ. ಫೀಸು ಕೆಲಸಕ್ಕೆ, ಗೆಲುವಿಗಲ್ಲ. ನಿಮ್ಮ ಲೆಕ್ಕದಲ್ಲೋ ವಕೀಲರದೊಂದು ಪಾಲು, ಅದರೊಳಗೆ ನಿಮ್ಮದೊಂದು ಪಾಲು, ನಡುವೆ ‘ಡಾಕ್ಟರ ಖರ್ಚು’, ‘ಕೋರ್ಟಿನ ಖರ್ಚು’. ಇದಕ್ಕೆ ಭದ್ರತೆಯಾಗಿ ಸಹಿ ಮಾಡಿದ ಖಾಲಿ ಚೆಕ್ಕು. ಓದು ಬಾರದವರ ಪರಿಹಾರ ಕರಗಿಹೋಗಬಾರದೆಂದು ಸುಪ್ರೀಂ ಕೋರ್ಟು ಸುಸಮ್ಮ ಥಾಮಸ್ ಪ್ರಕರಣದಲ್ಲಿ ಹಣದ ಒಂದು ಭಾಗವನ್ನು ಬ್ಯಾಂಕಿನಲ್ಲಿ ಠೇವಣಿ ಇಡಿಸುವ ಕ್ರಮವನ್ನು ವಿವರಿಸಿತು. ಆ ಠೇವಣಿಯನ್ನು ಅವಧಿಗೆ ಮುನ್ನ ಬಿಡಿಸಲು ‘ಮಗಳ ಮದುವೆ’ ಎಂಬ ಅರ್ಜಿ ಬರೆಸುವವರೂ ನೀವೇ. ಮದುಮಗಳಿಗೆ ಕೆಲವೊಮ್ಮೆ ನಾಲ್ಕು ವರ್ಷ.

ಇನ್ನು ನಿಮ್ಮ ಗಣಿತ. ಇಲ್ಲಿ ಸ್ವಲ್ಪ ಕೂತು ಮಾತಾಡೋಣ.

ಮರಗಸಿ ಮಾಡುವ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ, ಸಿಲ್ವರ್ ಓಕಿಗೆ ಏಣಿ ಹಾಕಿ ಮೆಣಸು ಕುಯ್ಯುವ 38 ವರ್ಷದ ಆಳು. ತಿಂಗಳಿಗೆ 12,000 ರೂಪಾಯಿ ಎಂದಿಟ್ಟುಕೊಳ್ಳಿ. ಬಣಕಲ್ ರಸ್ತೆಯಲ್ಲಿ ಬೈಕು ಗುದ್ದಿ ಕಾಲು ಮುರಿಯಿತು. ಡಾಕ್ಟರು ಕಾಲಿಗೆ ಶೇ 30ರಷ್ಟು ಊನ ಎಂದು ಬರೆದುಕೊಟ್ಟರು. ವಿಮಾ ಕಂಪನಿಯವರು ಅದರ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನವೆಂದು ತೆಗೆದು, ಶೇ 10 ಎನ್ನುತ್ತಾರೆ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನಂತೆ ಈ ವಯಸ್ಸಿಗೆ ಗುಣಕ (ವರ್ಷದ ಆದಾಯವನ್ನು ಗುಣಿಸುವ ಅಂಕಿ) 15. ಗುಣಿಸಿದರೆ ಗಳಿಕೆಯ ನಷ್ಟ 2,16,000 ರೂಪಾಯಿ. ನೀವು ಲೋಕ ಅದಾಲತ್ತಿನ ಬಾಗಿಲಲ್ಲಿ ನಿಂತು ‘ಬಂದದ್ದು ಬರಲಿ, ಒಪ್ಪಿಬಿಡಿ’ ಎನ್ನುತ್ತೀರಿ. ಬೇಗ ಮುಗಿದರೆ ನೀವು ಮುಂದಿನ ವಾರ್ಡಿಗೆ ಹೋಗಬಹುದು.

ಆದರೆ 2010ರಲ್ಲಿ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೇ ಬೇರೆ: ಅಂಗದ ಊನವೆಷ್ಟು ಎಂಬುದಲ್ಲ, ಆ ಊನದಿಂದ ಆ ಮನುಷ್ಯನ ಗಳಿಕೆ ಎಷ್ಟು ಹೋಯಿತು ಎಂಬುದು ಮುಖ್ಯ. ಎಡಗೈ ಕಳೆದುಕೊಂಡ ಡ್ರೈವರಿನ ದುಡಿಮೆ ಪೂರ್ತಿ ಹೋಗಬಹುದು, ಅದೇ ಕೈ ಕಳೆದುಕೊಂಡ ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು. ಬಗ್ಗದ ಮಂಡಿಯವನು ಏಣಿ ಹತ್ತುತ್ತಾನೆಯೇ? ಇಳಿಜಾರಿನ ತೋಟದಲ್ಲಿ ಕಾಫಿ ಹಣ್ಣಿನ ಮೂಟೆ ಹೊರುತ್ತಾನೆಯೇ? ಇದನ್ನು ಸಾಕ್ಷಿಯಲ್ಲಿ ಹೇಳಿಸಿ, ಡಾಕ್ಟರನ್ನು ಕಟಕಟೆಗೆ ಕರೆಸಿ, ಪಾಟೀಸವಾಲಿನಲ್ಲಿ ಉಳಿಸಿಕೊಳ್ಳುವ ವಕೀಲರಿದ್ದರೆ ನ್ಯಾಯಾಧೀಶರು ನಷ್ಟವನ್ನು ಶೇ 60 ಎಂದು ಒಪ್ಪಬಹುದು; ಆಗ ಅದೇ ಲೆಕ್ಕ 12,96,000. ಈ ಎರಡು ಅಂಕಿಗಳ ನಡುವಿನ ಅಂತರವೇ ಒಳ್ಳೆಯ ವಕೀಲ. ನಿಮ್ಮವರು ಡಾಕ್ಟರನ್ನು ಕರೆಸುತ್ತಾರೋ ಎಂದು ಕೇಳುವ ಬುದ್ಧಿ ಮಂಚದ ಮೇಲಿದ್ದವನಿಗೆ ಹೊಳೆಯದಂತೆ ಮೂಸಂಬಿ ಸುಲಿದುಕೊಡುತ್ತೀರಲ್ಲ, ಅದು ಕಲೆ.

ಕುಯ್ಲಿನ ಕಾಲದಲ್ಲಿ ಆಳು ತುಂಬಿಕೊಂಡು ಹೋಗುವ ಪಿಕಪ್ ಮಗುಚಿದಾಗ ಮಾತ್ರ ನಿಮ್ಮ ಉತ್ಸಾಹ ತಗ್ಗುವುದನ್ನು ಗಮನಿಸಿದ್ದೇನೆ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿ ಕೂತವರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿದೆ. ದುಡ್ಡಿಲ್ಲದ ಕಡೆ ನೀವು ಸಮಯ ಹಾಳುಮಾಡುವವರಲ್ಲ. ಹೆಣಗಾಡಬಲ್ಲ ವಕೀಲರು ಬೇಕಾದದ್ದು ಸರಿಯಾಗಿ ಇಲ್ಲೇ. ತೋಟದೊಳಗೆ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಗುಲಿದಾಗಲೂ ನೀವು ನಾಪತ್ತೆ. ಅದಕ್ಕೆ 1923ರ ನೌಕರರ ಪರಿಹಾರ ಕಾಯ್ದೆಯಿತ್ತು, 2025ರ ನವೆಂಬರಿನಿಂದ ಅದರ ಬದಲು ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕೆಲಸದಲ್ಲಿದ್ದಾಗ ಪೆಟ್ಟಾದರೆ ಮಾಲೀಕನ ತಪ್ಪನ್ನು ರುಜುವಾತು ಮಾಡಬೇಕಾಗಿಯೂ ಇಲ್ಲ. ಆದರೆ ಆ ಮಾಲೀಕರ ಜಗಲಿಯಲ್ಲೇ ನೀವು ಕಾಫಿ ಕುಡಿಯುವುದು. (ನಾನೂ ಸಣ್ಣ ಬೆಳೆಗಾರನೇ, ಈ ಸಾಲು ಬರೆಯುವಾಗ ಕೈ ಒಮ್ಮೆ ತಡೆಯಿತು.) ಆನೆ ತುಳಿದ ಕೇಸಿಗಂತೂ ನೀವು ಸುಳಿಯುವುದೇ ಇಲ್ಲ. ಆನೆಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ಲ ನೋಡಿ, ಅರಣ್ಯ ಇಲಾಖೆಯೇ ಕೊಡಬೇಕು.

ನೀವು ಮರೆತು ಹೇಳದೇ ಬಿಡುವ ಕೆಲವು ಮಾತುಗಳನ್ನು ನಿಮ್ಮ ಪರವಾಗಿ ನಾನೇ ಹೇಳಿಬಿಡುತ್ತೇನೆ, ಕೋಪ ಬೇಡ. ಅಪಘಾತ ಘಾಟಿಯ ಕೆಳಗೆ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆಗಿದ್ದರೂ ಗಾಯಾಳು ತಾನು ವಾಸವಿರುವ ಕಡೆಯೇ ಅರ್ಜಿ ಹಾಕಬಹುದು. 2022ರ ಏಪ್ರಿಲ್ 1ರಿಂದ ಅದಕ್ಕೆ ಆರು ತಿಂಗಳ ಗಡುವಿದೆ. ಆ ಗಡುವೇ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದ್ದರೂ ಅದನ್ನು ನಂಬಿ ಕೂರುವುದು ಬೇಡ. ಗುದ್ದಿದ ಗಾಡಿ ಪತ್ತೆಯಾಗದಿದ್ದರೂ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ಕೊಡುವ ಯೋಜನೆಯಿದೆ. ಹಾಗಾಗಿ ವಿಮೆಯಿರುವ ನಿಮ್ಮ ಸ್ನೇಹಿತರ ಬೈಕನ್ನು ಸ್ಥಳಕ್ಕೆ ‘ತಂದು ನಿಲ್ಲಿಸುವ’ ಶ್ರಮ ತೆಗೆದುಕೊಳ್ಳಬೇಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೆಂದು ಕೇಳದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಕಾಯ್ದೆ ಹೇಳುತ್ತದೆ. ಫೋನು 15100.

ಕೊನೆಗೊಂದು ಶುಭವಾರ್ತೆ. 2023ರ ತಿದ್ದುಪಡಿ ನಿಮ್ಮನ್ನು ವಕೀಲರ ಕಾಯ್ದೆಯೊಳಗೇ ಸೇರಿಸಿದೆ, 45ಎ ಕಲಂ. ಜಿಲ್ಲಾ ನ್ಯಾಯಾಧೀಶರು ದಲ್ಲಾಳಿಗಳ ಪಟ್ಟಿ ಮಾಡಿ ಕೋರ್ಟಿನಲ್ಲಿ ತೂಗುಹಾಕಬಹುದು. ದೊಡ್ಡ ಬೋರ್ಡು ಹಾಕಲು ವಕೀಲರಿಗಿಲ್ಲದ ಭಾಗ್ಯ ನಿಮ್ಮದು, ಅದೂ ಸರ್ಕಾರದ ಖರ್ಚಿನಲ್ಲಿ. ಪಟ್ಟಿಯಲ್ಲಿ ಹೆಸರಿದ್ದೂ ಕಸುಬು ಮುಂದುವರಿಸಿದರೆ ಮೂರು ತಿಂಗಳವರೆಗೆ ಸೆರೆ, ಇಲ್ಲವೇ 500 ರೂಪಾಯಿವರೆಗೆ ದಂಡ, ಅಥವಾ ಎರಡೂ. 500 ರೂಪಾಯಿ ನಿಮ್ಮ ಮೂಸಂಬಿ ಖರ್ಚಿಗೂ ಸಾಲದು, ಬಿಡಿ.

ಹೆಸರು ಸೇರಿಸುವ ಮೊದಲು ನಿಮಗೆ ನೋಟಿಸು ಕೊಟ್ಟು, ನಿಮ್ಮ ಸಮಜಾಯಿಷಿ ಕೇಳಲೇಬೇಕಂತೆ. ಆಗ ನಿಮಗೂ ಒಬ್ಬ ವಕೀಲರು ಬೇಕಾಗುತ್ತಾರೆ. ಒಳ್ಳೆಯವರನ್ನು ಹುಡುಕಿಕೊಡಲು ಯಾರಾದರೂ ಗೊತ್ತೇ?

ಇತಿ ತಮ್ಮ ವಿಶ್ವಾಸಿ,
ಕೊಟ್ಟಿಗೆಹಾರದ ಬಳಿಯ ಒಬ್ಬ ಸಣ್ಣ ಬೆಳೆಗಾರ