ಎಎ ಮೀಟಿಂಗ್ ಹುಡುಕುವ ವಿಧಾನ: ಬಳಕೆದಾರರ ಕೈಪಿಡಿ

ಮುಖ್ಯ ಎಚ್ಚರಿಕೆ

ಇದೊಂದನ್ನು ತಮಾಷೆ ಎಂದುಕೊಳ್ಳಬೇಡಿ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು, ಎರಡು ಮೂರು ದಿನದೊಳಗೆ ಇಲ್ಲದ್ದೆಲ್ಲ ಕಂಡು, ಕೇಳಿ, ಜೀವಕ್ಕೇ ಕುತ್ತು ಬರಬಹುದು. ಆದ್ದರಿಂದ ಮೊದಲು ಡಾಕ್ಟರು, ಆಮೇಲೆ ಮೀಟಿಂಗ್. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಇನ್ನು ತಮಾಷೆಗೆ ಬರೋಣ.

ಹಂತ 1: ಮನೆಮದ್ದೆಲ್ಲ ಮುಗಿಸಿಕೊಳ್ಳಿ

ಮಂಜುನಾಥನ ಮೇಲೆ ಆಣೆ ಮಾಡಿ ಆಗಿದೆಯೆ? ಅಯ್ಯಪ್ಪನ ಮಾಲೆ ಹಾಕಿ, ಅಷ್ಟೂ ದಿನ ಹನಿ ಮುಟ್ಟದೆ, ಮಾಲೆ ತೆಗೆದ ಸಂಜೆಯೇ ಬಾಕಿಯನ್ನು ಬಡ್ಡಿಸಮೇತ ತೀರಿಸಿದ್ದೀರಾ? ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು’ ಎಂದು ಗೋಡೆಯ ಮೇಲೆ ಬರೆದಿದ್ದ ನಂಬರಿಗೆ ನಿಮ್ಮ ಹೆಂಡತಿ ಗುಟ್ಟಾಗಿ ಫೋನ್ ಮಾಡಿ, ಸಾರಿಗೆ ಏನೋ ಪುಡಿ ಬೆರೆಸಿ, ಸಾರು ಮಾತ್ರ ಕೆಟ್ಟಿತೆ? ಇವೆಲ್ಲ ಆಗಿದ್ದರೆ ಮುಂದಿನ ಹಂತಕ್ಕೆ ಅರ್ಹರು. ಆಗದಿದ್ದರೂ ಅರ್ಹರೇ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಬೇರೆ ಯಾವ ಅರ್ಹತೆಯನ್ನೂ ಕೇಳುವುದಿಲ್ಲ.

ಹಂತ 2: ಫೋನ್ ಎತ್ತಿಕೊಳ್ಳಿ

ರಾತ್ರಿ ಹನ್ನೆರಡಕ್ಕೆ ಹಳೇ ಗೆಳೆಯರಿಗೆಲ್ಲ ಫೋನ್ ಮಾಡಿ ‘ಮಗಾ, ನೀನಂದ್ರೆ ನಂಗೆ ಪ್ರಾಣ ಕಣೋ’ ಎಂದು ಅತ್ತ ಕೈಗೆ ಎಎಗೆ ಫೋನ್ ಮಾಡುವುದು ಕಷ್ಟವಾಗಬಾರದು. ಆದರೆ ಆಗುತ್ತದೆ. ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡುವುದು ಈ ಹಂತದ ಸಾಮಾನ್ಯ ದೋಷ. ಮತ್ತೆ ಒತ್ತಿ.

1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಊರಿನ ಹೋಟೆಲೊಂದರಲ್ಲಿ ಒಬ್ಬಾತ ಇದನ್ನೇ ಮಾಡಿದ. ಹೆಸರು ಬಿಲ್ ವಿಲ್ಸನ್, ನ್ಯೂಯಾರ್ಕಿನ ಷೇರುಪೇಟೆಯವನು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು, ಬಂದ ವ್ಯವಹಾರ ಕೈಕೊಟ್ಟಿತ್ತು, ಲಾಬಿಯ ಒಂದು ಕಡೆ ಬಾರಿನ ನಗು ಕೇಳುತ್ತಿತ್ತು. ಇನ್ನೊಂದು ಕಡೆ ಫೋನು, ಪಕ್ಕದಲ್ಲೇ ಚರ್ಚುಗಳ ಪಟ್ಟಿ. ಆತ ಫೋನ್ ಹಿಡಿದು, ‘ನನಗೊಬ್ಬ ಕುಡುಕ ಬೇಕು, ಮಾತಾಡಬೇಕು’ ಎಂಬರ್ಥದಲ್ಲಿ ಊರೆಲ್ಲ ವಿಚಾರಿಸಿದ. ಹೀಗೆ ಸಿಕ್ಕವರು ಶಸ್ತ್ರಚಿಕಿತ್ಸಕ ಡಾ. ಬಾಬ್. ಹದಿನೈದೇ ನಿಮಿಷ ಎಂದು ಷರತ್ತು ಹಾಕಿ ಬಂದ ಡಾಕ್ಟರು ಗಂಟೆಗಟ್ಟಲೆ ಕೂತರು. ಅವರು ಕೊನೆಯ ಸಲ ಕುಡಿದ ಜೂನ್ 10ನ್ನೇ ಎಎ ಹುಟ್ಟಿದ ದಿನ ಎನ್ನುತ್ತಾರೆ. ಬಿಲ್ ಹುಡುಕಿದಾಗ ಹೋಗಿ ಕೂರಲು ಎಲ್ಲೂ ಮೀಟಿಂಗ್ ಇರಲಿಲ್ಲ. ನಿಮಗೆ ಆ ನೆಪವಿಲ್ಲ.

ಫೋನಿನಲ್ಲಿ ಎರಡು ವಿಷಯ ಕೇಳಿಕೊಳ್ಳಿ: ಕನ್ನಡದ ಗುಂಪು ಎಲ್ಲಿದೆ, ಮೀಟಿಂಗ್ ಓಪನ್ನೋ ಕ್ಲೋಸ್ಡೋ. ಓಪನ್ ಆದರೆ ಮನೆಯವರೂ ಬರಬಹುದು. ಕ್ಲೋಸ್ಡ್ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ.

ಹಂತ 3: ಬಾಗಿಲು

ಬಾರಿಗೆ ಬಣ್ಣದ ದೀಪವಿರುತ್ತದೆ, ಇದಕ್ಕಿಲ್ಲ. ಸಾಮಾನ್ಯವಾಗಿ ಯಾವುದೋ ಚರ್ಚಿನ ಹಿಂದಿನ ಕೋಣೆ ಅಥವಾ ಶಾಲೆಯ ತರಗತಿ. ಗೋಡೆಯ ಮೇಲೆ ಕಾಗುಣಿತದ ಚಾರ್ಟು, ಮೊಣಕಾಲು ಹಿಡಿಸದ ಮಕ್ಕಳ ಬೆಂಚು. ಇಲ್ಲಿ ಬಹುತೇಕರು ಗೇಟಿನ ಎದುರಿನ ಅಂಗಡಿಯಲ್ಲಿ ಬೇಡದ ಸಿಗರೇಟು ಕೊಳ್ಳುತ್ತಾ ನಿಲ್ಲುತ್ತಾರೆ. ಕಾರಣ ಒಂದೇ: ಯಾರಾದರೂ ನೋಡಿಬಿಟ್ಟರೆ?

ಸ್ವಾಮಿ, ಅಣ್ಣಮ್ಮನ ಉತ್ಸವದ ದಿನ ಆರ್ಕೆಸ್ಟ್ರಾ ವೇದಿಕೆ ಹತ್ತಿ ಮೈಕು ಕಸಿದುಕೊಂಡಾಗ ಇಡೀ ಬೀದಿ ನೋಡಿತ್ತು. ಮೋರಿ ಪಕ್ಕದಿಂದ ನಿಮ್ಮನ್ನು ಎತ್ತಿ ಆಟೋಕ್ಕೆ ಹಾಕಿದವರು ಪಕ್ಕದ ಮನೆಯವರೇ. ಊರಿಗೆಲ್ಲ ಗೊತ್ತಿರುವ ಗುಟ್ಟನ್ನು ಕಾಪಾಡಲು ಗೇಟಿನಾಚೆ ನಿಂತಿದ್ದೀರಿ. ನಮ್ಮಲ್ಲಿ ಕುಡಿಯುವುದಕ್ಕಿಂತ ಬಿಡುವುದಕ್ಕೇ ನಾಚಿಕೆ ಹೆಚ್ಚು. ಒಳಗೆ ಪರಿಚಿತರು ಸಿಕ್ಕರೆ ಏನು ಗತಿ ಎನ್ನುತ್ತೀರಾ? ಅವರೂ ಜಾತಕ ತೋರಿಸಲು ಬಂದಿರುವುದಿಲ್ಲ.

ಒಳಗೆ

ಹಾಜರಿ ಪುಸ್ತಕವಿಲ್ಲ, ಶುಲ್ಕವಿಲ್ಲ. ಖರ್ಚಿಗೆಂದು ಡಬ್ಬಿ ಸುತ್ತುತ್ತದೆ, ಹೊಸಬರು ಮುಂದಕ್ಕೆ ದಾಟಿಸಿದರೆ ಸಾಕು. ಹೆಸರು ಹೇಳಿ ‘ನಾನೊಬ್ಬ ಆಲ್ಕೊಹಾಲಿಕ್’ ಎಂದು ಒಬ್ಬೊಬ್ಬರೇ ಮಾತಾಡುತ್ತಾರೆ. ಮಧ್ಯೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಬುದ್ಧಿ ಹೇಳಿಸಿಕೊಂಡೇ ಅರ್ಧ ಆಯುಸ್ಸು ಕಳೆದವರಿಗೆ ಇದು ವಿಚಿತ್ರ ಅನ್ನಿಸಬಹುದು. ಮಾತಾಡಲು ಮನಸ್ಸಿಲ್ಲದಿದ್ದರೆ ಸುಮ್ಮನೆ ಕೂತಿರಿ.

ದೋಷ ಮತ್ತು ಪರಿಹಾರ

ದೇವರ ಮಾತು ಹಿಡಿಸುವುದಿಲ್ಲ: ಎಎಯ ಹನ್ನೆರಡು ಹೆಜ್ಜೆಗಳಲ್ಲಿ ದೇವರಿದ್ದಾನೆ, ಆದರೆ ‘ನಾವು ತಿಳಿದುಕೊಂಡಂತೆ’ ಎಂಬ ರಿಯಾಯಿತಿಯೂ ಇದೆ.

ಊರಲ್ಲಿ ಎಎ ಇಲ್ಲ: ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರ ಎಲ್ಲಿ ನಡೆಯುತ್ತಿದೆ ವಿಚಾರಿಸಿ. ಶಿಬಿರ ಮುಗಿಸಿದವರದ್ದೇ ನವಜೀವನ ಸಮಿತಿಗಳಿವೆ. ದಾರಿ ಬೇರೆ, ಕೂತು ಮಾತಾಡುವ ಕೆಲಸ ಅದೇ.

ಮನೆಯವರು ಸೋತಿದ್ದಾರೆ: ಅವರಿಗೆ ಅಲ್-ಅನಾನ್ ಇದೆ. 1951ರಲ್ಲಿ ಅದನ್ನು ಕಟ್ಟಿದವರಲ್ಲಿ ಒಬ್ಬಳು ಬಿಲ್‌ನ ಹೆಂಡತಿ ಲೋಯಿಸ್. ನೀವು ಬಿಡದಿದ್ದರೂ ಅವರು ಅಲ್ಲಿಗೆ ಹೋಗಬಹುದು, ನಿಮ್ಮ ಅಪ್ಪಣೆ ಬೇಕಿಲ್ಲ.

ಮತ್ತೆ ಕುಡಿದುಬಿಟ್ಟೆ: ಮುಂದಿನ ಮೀಟಿಂಗ್ ಯಾವಾಗ, ಎಷ್ಟು ಗಂಟೆಗೆ ಎಂದು ಕೇಳಿ. ಹಂತ 1ಕ್ಕೆ ಹೋಗಬೇಡಿ, ಸಾರು ಕೆಡುತ್ತದೆ.

ಮೀಟಿಂಗ್ ಬೋರು ಹೊಡೆಸಿತು: ಬೇರೆ ಗುಂಪು ನೋಡಿ. ಒಂದು ಬಾರಿನಲ್ಲಿ ಚಿಲ್ಲಿ ಚಿಕನ್ ಕೆಟ್ಟಿತ್ತೆಂದು ನೀವೇನೂ ಕುಡಿತ ಬಿಟ್ಟಿರಲಿಲ್ಲ. ವಿಳಾಸಗಳು ಅಲ್ಲೇ ಟೀ ಕೊಡುವವರ ಹತ್ತಿರ ಸಿಗುತ್ತವೆ.